ಧಾತು-ಈಶ್ವರದ ಬರದಲ್ಲಿ ಊರು ಬಿಟ್ಟ ಹಿರಿಯರ ಮೂಲವನ್ನು ಜನಗಣತಿ ಮತ್ತು ಭೂದಾಖಲೆಗಳಲ್ಲಿ ಹುಡುಕಬಹುದೇ?

ಪ್ರಶ್ನೆ: ಚನ್ನರಾಯಪಟ್ಟಣದ ಸದಸ್ಯರು

ಮಾನ್ಯರೇ, ನಮ್ಮ ಕುಟುಂಬ ಈಗ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ನಮ್ಮ ತಾತನವರ ಮುತ್ತಾತ ಧಾತು-ಈಶ್ವರ ಸಂವತ್ಸರಗಳ (1876-78ರ) ಬರದಲ್ಲಿ ಶಿರಾ ಸೀಮೆಯಿಂದ ಅಳಿದುಳಿದ ದನಗಳನ್ನು ಹೊಡೆದುಕೊಂಡು ಇತ್ತ ಬಂದರೆಂಬ ಮಾತು ಮನೆಯಲ್ಲಿ ಹಿಂದಿನಿಂದಲೂ ಇದೆ. ಆದರೆ ಅವರು ಬಿಟ್ಟುಬಂದ ಊರು ಯಾವುದೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ನಮ್ಮ ಬಳಿ ಇರುವುದು ಈಚಿನ ಪಹಣಿ, ಒಂದು ಕೈಬರಹದ ಪಹಣಿಯ ನಕಲು, ಮತ್ತು ಮೈಸೂರು ಸರ್ಕಾರದ ಛಾಪಾ ಕಾಗದದ ಮೇಲೆ ಬರೆದ ಒಂದು ಕ್ರಯಪತ್ರ. ಕ್ರಯಪತ್ರದ ಕೆಳಗಿನ ಅರ್ಧ ಗೆದ್ದಲಿನ ಪಾಲಾಗಿರುವುದರಿಂದ ಸಾಕ್ಷಿಗಳ ಹೆಸರು ಸಿಗುತ್ತಿಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಬಂಧುವೊಬ್ಬರ ನೆರೆಯವರು ಹಳೆಯ ಜನಗಣತಿಯ ಹಾಳೆಯಲ್ಲಿ ತಮ್ಮ ಮುತ್ತಜ್ಜಿಯ ಹೆಸರು, ವಯಸ್ಸು, ಕಸುಬು ಎಲ್ಲವನ್ನೂ ಕಂಡುಕೊಂಡರಂತೆ. 1871 ಅಥವಾ 1881ರ ಮೈಸೂರು ಜನಗಣತಿಯಲ್ಲಿ ನಮಗೂ ಹಾಗೆ ಹೆಸರು ಸಿಗಬಹುದೇ? ಸಿಗದಿದ್ದರೆ ಭೂದಾಖಲೆಗಳಲ್ಲಿ ಎಷ್ಟು ಹಿಂದಿನವರೆಗೆ ಹೋಗಬಹುದು? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರರು

ಮೊದಲು ಜನಗಣತಿಯ ವಿಷಯ. ಆ ದಾರಿಯಲ್ಲಿ ಹೆಸರು ಸಿಗುವುದಿಲ್ಲವೆಂದು ತಾವು ತಿಳಿದುಕೊಳ್ಳುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಮನೆಮನೆಯ ಹಾಳೆಗಳನ್ನು ಕಾಪಾಡಿ ನೂರು ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಗಣತಿ 2022ರಲ್ಲಿ ತೆರೆದದ್ದು ಹಾಗೆ. ನಮ್ಮಲ್ಲಿ ಕೋಷ್ಟಕಗಳು ಸಿದ್ಧವಾದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಸ್ವಾತಂತ್ರ್ಯದ ನಂತರದ ಗಣತಿಗಳಿಗಂತೂ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಅನ್ವಯಿಸುವುದರಿಂದ, ಗಣತಿದಾರರು ಬರೆದುಕೊಂಡ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ. ಉಳಿದಿರುವುದು ಮುದ್ರಿತ ವರದಿಗಳು ಮಾತ್ರ. ಅವುಗಳಲ್ಲಿ ತಾಲ್ಲೂಕಿನ ಜನಸಂಖ್ಯೆ, ಜಾತಿ, ಕಸುಬುಗಳ ಲೆಕ್ಕವಿದೆ, ವ್ಯಕ್ತಿಯ ಹೆಸರಿಲ್ಲ. ಆದರೂ ಆ ವರದಿಗಳು ತಮ್ಮ ಮನೆಯ ಮಾತಿಗೆ ಹಿನ್ನೆಲೆ ಒದಗಿಸುತ್ತವೆ: ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದದ್ದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1876ರಿಂದ 1878ರವರೆಗಿನ ಆ ಬರ ಊರಿಗೆ ಊರನ್ನೇ ಖಾಲಿ ಮಾಡಿಸಿತ್ತು.

ಇನ್ನು ಭೂದಾಖಲೆ. ನಮ್ಮ ದಾಖಲೆಗಳು ಜಮೀನನ್ನು ಹಿಂಬಾಲಿಸುತ್ತವೆಯೇ ಹೊರತು ಮನುಷ್ಯನನ್ನಲ್ಲ. ಆದ್ದರಿಂದ ಹೆಸರು ಹಿಡಿದುಕೊಂಡು ಕಚೇರಿಗೆ ಹೋದರೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲ, ಸರ್ವೆ ನಂಬರು ಹಿಡಿದು ಹೋಗಬೇಕು. ಈಗಿನ ಪಹಣಿಯಲ್ಲಿ ಖಾತೆ ಯಾವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರಿನ ಮೇಲೆ ಬಂದಿದೆಯೆಂಬುದು ನಮೂದಾಗಿರುತ್ತದೆ. ಆ ಮ್ಯುಟೇಶನ್ನಿನ ನಕಲು ತೆಗೆಸಿದರೆ ಅದು ಕ್ರಯವೋ, ವಿಭಾಗವೋ, ಪೌತಿಯೋ (ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದೋ) ಎಂಬುದು ಗೊತ್ತಾಗುತ್ತದೆ. ಪೌತಿಯಾಗಿದ್ದರೆ ಜೊತೆಯ ಕಡತದಲ್ಲಿ ವಂಶವೃಕ್ಷ, ವಾರಸುದಾರರ ಹೇಳಿಕೆಗಳು ಇರುವ ಸಂಭವ ಹೆಚ್ಚು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೈಬರಹದ ಪಹಣಿಗಳನ್ನು ದಾಟಿದರೆ ಆರ್.ಆರ್. (ಹಕ್ಕು ದಾಖಲೆ) ಮತ್ತು ಐ.ಎಲ್. (ಜಮೀನುಗಳ ಸೂಚಿ) ಪುಸ್ತಕಗಳು ಸಿಗುತ್ತವೆ. ಹಳೇ ಮೈಸೂರಿನಲ್ಲಿ ಇವು 1927ರ ಹಕ್ಕು ದಾಖಲೆ ಶಾಸನದ ನಂತರದವು. ಐ.ಎಲ್. ಪುಸ್ತಕದಲ್ಲಿ ಸರ್ವೆ ನಂಬರು ನೋಡಿಕೊಂಡು, ಅದರೆದುರಿನ ಆರ್.ಆರ್. ನಂಬರಿನ ಪುಟವನ್ನು ತೆಗೆಸಬೇಕು. ಜಮೀನು ಪಿತ್ರಾರ್ಜಿತವಾಗಿ ಬಂದದ್ದೋ, ಕ್ರಯಕ್ಕೆ ಕೊಂಡದ್ದೋ, ದರಖಾಸ್ತಿನಲ್ಲಿ (ಅರ್ಜಿಯ ಮೇಲೆ ಸರ್ಕಾರದಿಂದ) ಮಂಜೂರಾದದ್ದೋ ಎಂಬ ಒಂದು ಸಾಲು ಅಲ್ಲಿ ಇರುತ್ತದೆ. ತಮ್ಮಂಥವರಿಗೆ ಇಡೀ ಪುಟದಲ್ಲಿ ಆ ಸಾಲೇ ಮುಖ್ಯ, ಏಕೆಂದರೆ ಹೊರಗಿನಿಂದ ಬಂದು ನೆಲೆಸಿದವರ ಮೊದಲ ಜಮೀನು ಪಿತ್ರಾರ್ಜಿತವಾಗಿರಲು ಸಾಧ್ಯವಿಲ್ಲ.

ಅದಕ್ಕೂ ಹಿಂದಿನದು ಸರ್ವೆ ಇಲಾಖೆಯ ದಾಖಲೆ. ಮೈಸೂರಿನಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ, ಮುಗಿಯಲು ಹಲವು ದಶಕಗಳೇ ಹಿಡಿದವು. ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಖೇತವಾರು ಪುಸ್ತಕ (ಹೊಲವಾರು ಹಿಡುವಳಿದಾರರ ಪಟ್ಟಿ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಇವುಗಳ ನಕಲಿಗೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಮರುಸರ್ವೆಯಲ್ಲಿ ನಂಬರುಗಳು ಬದಲಾಗಿರಬಹುದಾದ್ದರಿಂದ ಹಳೇ ನಂಬರು, ಹೊಸ ನಂಬರು ಎರಡನ್ನೂ ಮೊದಲೇ ಹೊಂದಿಸಿಕೊಂಡಿರಿ. ಪುಸ್ತಕ ಶಿಥಿಲವಾಗಿದೆ ಅಥವಾ ಲಭ್ಯವಿಲ್ಲವೆಂದು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಗೇ ಬಿಡದೆ ಲಿಖಿತ ಹಿಂಬರಹ ಕೇಳಿ. ಹಿಂಬರಹ ಬರೆಯಬೇಕಾದಾಗ ಇನ್ನೊಮ್ಮೆ ಹುಡುಕಿ ನೋಡುವವರೂ ಇದ್ದಾರೆ. ಈಗ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿರುವುದರಿಂದ ತಮ್ಮ ತಾಲ್ಲೂಕಿನಲ್ಲಿ ಆ ಕೆಲಸ ಎಲ್ಲಿಗೆ ಬಂದಿದೆಯೆಂದು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಉತ್ತರ: ತುಮಕೂರಿನ ಇತಿಹಾಸ ಅಧ್ಯಾಪಕಿ

ಹಿರಿಯರು ಹೇಳಿದ್ದೆಲ್ಲ ಚನ್ನರಾಯಪಟ್ಟಣದ ಕಡೆಯ ಹುಡುಕಾಟಕ್ಕೆ ಸರಿ. ಆದರೆ ಶಿರಾ ಕಡೆಯ ದಾಖಲೆಗಳಲ್ಲಿ ಬೇರೊಂದು ತೊಡಕಿದೆ: ತಮ್ಮ ಹಿರಿಯರು ಊರು ಬಿಟ್ಟ ಮೇಲೆ ಅಲ್ಲಿ ಸರ್ವೆ ನಡೆದಿದ್ದರೆ, ಅವರು ಉತ್ತಿದ್ದ ಹೊಲ ಖೇತವಾರಿನಲ್ಲಿ ಇನ್ನೊಬ್ಬರ ಹೆಸರಿನಲ್ಲಿರುತ್ತದೆ, ಇಲ್ಲವೇ ಬೀಳುಬಿದ್ದ ಸರ್ಕಾರಿ ಜಮೀನಾಗಿರುತ್ತದೆ. ಮೂಲ ಊರನ್ನು ಅಲ್ಲಿನ ಕಾಗದಗಳಿಂದಲೇ ಕಂಡುಹಿಡಿಯುವುದು ಈ ಕಾರಣಕ್ಕೆ ಬಹಳ ಕಷ್ಟ.

ಹಾಗಾಗಿ ಎರಡು ಪ್ರಶ್ನೆ ಕೇಳುತ್ತೇನೆ. ತಮ್ಮ ಮನೆದೇವರು ಎಲ್ಲಿಯದು? ವಲಸೆ ಬಂದ ಕುಟುಂಬಗಳು ಜಮೀನು ಬಿಟ್ಟರೂ ಮನೆದೇವರನ್ನು ಬಿಡುವುದಿಲ್ಲ; ಹರಕೆಗೋ, ಮಗುವಿನ ಮುಡಿ ಕೊಡುವುದಕ್ಕೋ ಎಷ್ಟೇ ದೂರವಾದರೂ ಅಲ್ಲಿಗೇ ಹೋಗುತ್ತಾರೆ. ಆ ದೇವಸ್ಥಾನದ ಒಕ್ಕಲು ಯಾವ ಯಾವ ಹಳ್ಳಿಗಳಲ್ಲಿದ್ದಾರೆ, ಅವರಲ್ಲಿ ತಮ್ಮ ಬೆಡಗಿನವರು (ಒಂದೇ ಕುಲದವರು) ಯಾರು ಎಂದು ಪೂಜಾರರನ್ನು ಕೇಳಿದರೆ, ಹುಡುಕಬೇಕಾದ ಊರುಗಳು ನಾಲ್ಕೈದಕ್ಕೆ ಇಳಿಯುತ್ತವೆ. ಎರಡನೆಯದು, ತಮ್ಮ ಮನೆಗೆ ಹೆಳವರು ಬರುತ್ತಿದ್ದರೇ? ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಕಾಳುಕಡ್ಡಿ ಪಡೆದು ಹೋಗುವವರು ಅವರು. ಯಾವ ಹೆಳವರ ಮನೆಗೆ ಯಾವ ಒಕ್ಕಲು ಸೇರಿದ್ದೆಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ, ಹೊಸದಾಗಿ ಹುಟ್ಟಿದವರ ಹೆಸರನ್ನು ಪ್ರತಿಸಲ ಸೇರಿಸಿಕೊಳ್ಳುತ್ತಾರೆ. ಅವರು ಹೇಳುವ ವಂಶಾವಳಿಯ ತೀರ ಮೇಲಿನ ಭಾಗ ಪುರಾಣಕ್ಕೆ ಹತ್ತಿರವಾದದ್ದು, ಅದನ್ನು ಗೌರವದಿಂದ ಕೇಳಿ ಪಕ್ಕಕ್ಕಿಡಬಹುದು. ಕೆಳಗಿನ ಐದಾರು ತಲೆಮಾರು ಮತ್ತು ಊರಿನ ಹೆಸರುಗಳನ್ನು ಮಾತ್ರ ಗಂಭೀರವಾಗಿ ಪರಿಗಣಿಸಲೇಬೇಕು.

ಸಂವತ್ಸರದ ಬಗ್ಗೆ ಒಂದು ಎಚ್ಚರಿಕೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಧಾತು 1876-77ರಲ್ಲಿ ಬಂದಂತೆ 1936-37ರಲ್ಲಿಯೂ ಬಂದಿದೆ. ತಮ್ಮ ವಿಷಯದಲ್ಲಿ ಬರದ ನೆನಪೂ ಜೊತೆಗಿರುವುದರಿಂದ ಮೊದಲನೆಯದೇ ಸರಿಯಿರಬಹುದು. ಹಳೆಯ ಪತ್ರಗಳ ತಾರೀಖು ಓದುವಾಗ ಮಾತ್ರ ಇದು ನೆನಪಿರಲಿ.

ಚನ್ನರಾಯಪಟ್ಟಣದ ಸದಸ್ಯರು

ಇಬ್ಬರಿಗೂ ಕೃತಜ್ಞತೆಗಳು. ಮನೆದೇವರು ಶಿರಾ ತಾಲ್ಲೂಕಿನಲ್ಲೇ ಇದೆ. ನಮ್ಮ ತಂದೆಯವರ ಕಾಲದ ನಂತರ ಹೋಗಿಬರುವುದು ಕಡಿಮೆಯಾಗಿದೆ. ಹೆಳವರು ಬರುತ್ತಿದ್ದರೆಂದು ನಮ್ಮ ಅತ್ತೆಯವರು ಹೇಳುತ್ತಾರೆ, ಎಲ್ಲಿಯವರೆಂಬುದು ಅವರಿಗೆ ತಿಳಿಯದು. ಕ್ರಯಪತ್ರದ ಹಾಳಾದ ಭಾಗವನ್ನು ಬೇರೆ ಕಡೆಯಿಂದ ಪಡೆಯಲು ಸಾಧ್ಯವೇ? ನಮ್ಮವರು ಮೊದಲು ಗೇಣಿಗೆ ಉಳುತ್ತಿದ್ದರೆಂಬ ಮಾತೂ ಇದೆ. ಹಾಗಿದ್ದರೆ ಖಾತೆಯಲ್ಲಿ ಅವರ ಹೆಸರೇ ಇರುವುದಿಲ್ಲವಲ್ಲ?

ಉತ್ತರ: ಧಾರವಾಡದ ವಕೀಲರು

ಪತ್ರ ನೋಂದಣಿಯಾಗಿದ್ದರೆ ಸಾಧ್ಯವಿದೆ. ಸ್ಥಿರಾಸ್ತಿಯ ಪತ್ರಗಳನ್ನು ಉಪನೋಂದಣಾಧಿಕಾರಿಗಳ ಕಚೇರಿಯ 1ನೇ ಪುಸ್ತಕದಲ್ಲಿ ನಕಲು ಮಾಡಿಡುತ್ತಾರೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಅದನ್ನು ನೋಡಬಹುದು, ನಕಲೂ ಪಡೆಯಬಹುದು. ಪತ್ರದ ಹಿಂಬದಿಯಲ್ಲಿ ನೋಂದಣಿ ನಂಬರು, ಸಂಪುಟ, ಪುಟಗಳ ಷರಾ ಉಳಿದಿದೆಯೇ ನೋಡಿ. ನಕಲು ಸಿಕ್ಕರೆ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರುಗಳಲ್ಲಿಗೇ ನಿಲ್ಲಬೇಡಿ. ‘ಬಿನ್’ ಎಂದಿರುವಲ್ಲಿ ತಂದೆಯ ಹೆಸರು, ‘ಕೋಂ’ ಎಂದಿರುವಲ್ಲಿ ಗಂಡನ ಹೆಸರು ಸಿಗುತ್ತದೆ. ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಹಿಡುವಳಿದಾರರ ಹೆಸರುಗಳಿರುತ್ತವೆ. ಒಟ್ಟಿಗೆ ವಲಸೆ ಬಂದವರು ಅಕ್ಕಪಕ್ಕದ ಜಮೀನು ಹಿಡಿಯುವುದು ಸಾಮಾನ್ಯವಾದ್ದರಿಂದ ಆ ನೆರೆಯವರ ಮನೆತನದಲ್ಲಿ ವಿಚಾರಿಸಿದರೆ ತಮ್ಮಲ್ಲಿ ಮರೆತುಹೋದ ಊರಿನ ಹೆಸರು ಅವರಲ್ಲಿ ಉಳಿದಿರಬಹುದು.

ಗೇಣಿದಾರರ ಬಗ್ಗೆ ತಾವು ಕೇಳಿದ್ದು ಸರಿಯಾದ ಪ್ರಶ್ನೆ. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರ, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವನು. ಎಲ್ಲರೂ 9ನ್ನೇ ನೋಡುತ್ತಾರೆ. ತಾವು ಕೈಬರಹದ ಪಹಣಿಯಲ್ಲಿ 12ನ್ನೂ ನೋಡಿ. ಕುಟುಂಬದಲ್ಲಿ ಯಾರಾದರೂ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿ ಜಮೀನಿನ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿದ್ದರೆ ಭೂನ್ಯಾಯಮಂಡಳಿಯ ಕಡತವನ್ನು ತಪ್ಪದೆ ತೆಗೆಸಿ, ಏಕೆಂದರೆ ಜಮೀನನ್ನು ಎಂದಿನಿಂದ, ಯಾರ ಕಾಲದಿಂದ ಉಳುತ್ತಿದ್ದೇವೆಂದು ಗೇಣಿದಾರರು ಸ್ವತಃ ಕೊಟ್ಟ ಹೇಳಿಕೆಗಳು ಅದರಲ್ಲಿರುತ್ತವೆ. ಜಮೀನನ್ನೇ ಹಿಡಿಯದೆ ಕೂಲಿಯಿಂದ ಬದುಕಿದವರ ವಿಷಯದಲ್ಲಿ ಮಾತ್ರ ಕಂದಾಯ ದಾಖಲೆ ಮೌನವಾಗಿದೆ. ಅವರಿಗೆ ಶಾಲೆಯ ದಾಖಲಾತಿ ಪುಸ್ತಕ ಮತ್ತು ಜನನ-ಮರಣ ರಿಜಿಸ್ಟರುಗಳೇ ಗತಿ.

ಈ ಚರ್ಚೆ ಓದುವ ಉತ್ತರ ಕರ್ನಾಟಕದವರಿಗೆ ಒಂದು ಮಾತು. ಮೇಲಿನ ಪುಸ್ತಕಗಳ ಹೆಸರುಗಳು ಹಳೇ ಮೈಸೂರಿನವು. ನಮ್ಮ ಮುಂಬಯಿ ಕರ್ನಾಟಕದಲ್ಲಿ ವತನದ (ಗೌಡ, ಕುಲಕರ್ಣಿ ಮುಂತಾದ ವಂಶಪಾರಂಪರ್ಯ ಹುದ್ದೆಗಳ) ಕಾಗದಗಳೇ ಹೆಚ್ಚು ಹಿಂದಕ್ಕೆ ಹೋಗುತ್ತವೆ, ಅವುಗಳಲ್ಲಿ ಹಲವು ಮೋಡಿ ಲಿಪಿಯಲ್ಲಿವೆ (ಮರಾಠಿಯ ಹಳೆಯ ಕೂಡುಬರಹ). ಕಲಬುರಗಿ, ಬೀದರ, ರಾಯಚೂರು ಕಡೆಯವರು 1954-55ರ ಖಾಸ್ರಾ ಪಹಣಿಯಿಂದ ಆರಂಭಿಸಿ, ಅದಕ್ಕೂ ಹಿಂದಿನವುಗಳಿಗೆ ಉರ್ದು ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ.