ಕೊಳಕುಮಂಡಲ ಕಚ್ಚಿದ್ರೆ ವಿಷ ಇಳಿಸೋ ಇಂಜೆಕ್ಷನ್ 30 ವಯಲ್ (ಸಣ್ಣ ಬಾಟಲಿ) ಯಾಕೆ ಬೇಕಾಗುತ್ತೆ? ಇದರ ಬಗ್ಗೆ ರಿಸರ್ಚ್ ಎಲ್ಲಿಗೆ ಬಂದಿದೆ?

ಹಾಸನದ_ಹುಡುಗ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ನಮ್ಮಪ್ಪಂಗೆ ಜೋಳದ ಹೊಲದಲ್ಲಿ ಹುಲ್ಲು ಕುಯ್ಯೋವಾಗ ಕೊಳಕುಮಂಡಲ ಕಚ್ತು. ಒಂದೂವರೆ ಗಂಟೆ ಒಳಗೆ ಆಸ್ಪತ್ರೆ ಸೇರಿಸಿದ್ವಿ, ಮೊದ್ಲು 10 ವಯಲ್ ಹಾಕಿದ್ರು, ಆರು ಗಂಟೆ ಬಿಟ್ಟು ನೋಡಿದ್ರೂ ರಕ್ತ ಹೆಪ್ಪುಗಟ್ತಿಲ್ಲ ಅಂತ ಮತ್ತೆ 10, ಆಮೇಲೆ ಇನ್ನೂ 10. ಜೀವ ಉಳೀತು, ಆದ್ರೆ ಕಿಡ್ನಿಗೆ ಪೆಟ್ಟಾಗಿ ನಾಲ್ಕು ಸಲ ಡಯಾಲಿಸಿಸ್ ಆಯ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಐಐಎಸ್ಸಿಲಿ ಹಾವಿನ ವಿಷದ ಮೇಲೇನೇ ಒಂದು ಲ್ಯಾಬ್ ಇದೆಯಂತೆ. ಹಾಗಿದ್ರೂ ಇನ್ನೂ ಅದೇ ಹಳೇ ಔಷಧಿನೇ ಯಾಕೆ? ಗೊತ್ತಿರೋರು ದಯವಿಟ್ಟು ಹೇಳಿ.

ಲ್ಯಾಬ್_ಕೋಟು:
ಅಪ್ಪ ಬೇಗ ಹುಷಾರಾಗ್ಲಿ ಬ್ರದರ್. ನಾನು ಬೇರೆ ಯೂನಿವರ್ಸಿಟಿಲಿ ಇದೇ ಫೀಲ್ಡಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಕುದುರೆಗೆ ಸ್ವಲ್ಪ ಸ್ವಲ್ಪನೇ ವಿಷ ಕೊಟ್ಟು ಅದರ ರಕ್ತದಿಂದ ಪ್ರತಿಕಾಯ (ವಿಷಕ್ಕೆ, ರೋಗಾಣುಗೆ ಎದುರಾಗಿ ಮೈಯಲ್ಲಿ ಹುಟ್ಟೋ ಪ್ರೋಟೀನ್) ತೆಗೆಯೋದು, 1890ರ ದಶಕದಿಂದ ವಿಧಾನ ಇದೇ. ಆ ಪ್ರತಿಕಾಯಗಳೆಲ್ಲಾ ವಿಷಕ್ಕೆ ಸಂಬಂಧಪಟ್ಟವಲ್ಲ, ಕುದುರೆಗೆ ಮೊದ್ಲು ತಗುಲಿರೋ ರೋಗಾಣುಗಳಿಗೆ ಹುಟ್ಟಿದ್ದೂ ಅದರಲ್ಲೇ ಸೇರಿರುತ್ತೆ, ಅದಕ್ಕೇ ಅಷ್ಟೊಂದು ವಯಲ್ ಬೇಕಾಗೋದು. ಇನ್ನೊಂದು, ಕಂಪನಿಗಳಿಗೆ ವಿಷ ಬಹುಪಾಲು ಬರೋದು ಚೆನ್ನೈ ಹತ್ರದ ಹಾವು ಹಿಡಿಯೋ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ, ಆದ್ರೆ ಕೊಳಕುಮಂಡಲದ ವಿಷ ಊರಿಂದ ಊರಿಗೆ ಬೇರೆ. ಐಐಎಸ್ಸಿಯವರು ದೇಶದ 34 ಕಡೆಯಿಂದ 115 ಹಾವುಗಳ ವಿಷ ಟೆಸ್ಟ್ ಮಾಡಿ 2025ರಲ್ಲಿ ಪೇಪರ್ ಹಾಕಿದ್ರು, ಒಣ ಹವೆ ಇರೋ ಕಡೆ ವಿಷದಲ್ಲಿ ಪ್ರೋಟೀನ್ ಒಡೆಯೋ ಕಿಣ್ವದ ಚಟುವಟಿಕೆ ಜಾಸ್ತಿ ಅಂತ ಗೊತ್ತಾಯ್ತು. ನಂಗೆ ಇದು ತುಂಬಾ ದೊಡ್ಡ ಕೆಲಸ ಅನ್ಸುತ್ತೆ, ಯಾವ ಸೀಮೆಗೆ ಎಂಥಾ ಔಷಧಿ ಬೇಕು ಅನ್ನೋಕೆ ಮೊದ್ಲು ಈ ಲೆಕ್ಕ ಕೈಲಿರ್ಬೇಕು. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಜೊತೆ ಸೇರಿ ಕುದುರೆ ಇಲ್ದೇನೇ ಲ್ಯಾಬಲ್ಲಿ ಪ್ರತಿಕಾಯ ಮಾಡಿದ್ರು, ಆದ್ರೆ ಅದು ನಾಗರ, ಕಟ್ಟುಹಾವಿನ ಜಾತಿಯ ನರಕ್ಕೆ ಹೊಡಿಯೋ ವಿಷಕ್ಕೆ, ಟೆಸ್ಟ್ ಆಗಿದ್ದೂ ಇಲಿಗಳ ಮೇಲೆ. ಮಂಡಲದ ವಿಷದಲ್ಲಿ ಬೇರೆ ಬೇರೆ ಥರದ ಟಾಕ್ಸಿನ್ ಇರೋದ್ರಿಂದ ಒಂದೇ ಪ್ರತಿಕಾಯಕ್ಕೆ ಬಗ್ಗಲ್ಲ.

ಸಿಸ್ಟರ್_ಮಲೆನಾಡು:
ತಾಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್ ನಾನು. ರಕ್ತ ಹೆಪ್ಪುಗಟ್ಟುತ್ತಾ ಅಂತ ನಾವು ನೋಡೋದು ಗಾಜಿನ ಟ್ಯೂಬಲ್ಲಿ, 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸ್ದೆ ಇಟ್ಟು ಆಮೇಲೆ ಬಗ್ಗಿಸಿದ್ರೆ ನೀರಿನ ಥರ ಹರೀತು ಅಂದ್ರೆ ವಿಷ ಏರಿದೆ ಅಂತ. ಟ್ಯೂಬ್ ಒಣಗಿರ್ಬೇಕು, ಪ್ಲಾಸ್ಟಿಕ್ ಆಗಲ್ಲ. ಇಂಜೆಕ್ಷನ್ ಪುಡಿ ನೀರಲ್ಲಿ ಕರಗಿಸುವಾಗ ಜೋರಾಗಿ ಕುಲುಕಿದ್ರೆ ನೊರೆ ಬರುತ್ತೆ, ಅಂಗೈಲಿ ಮೆಲ್ಲಗೆ ತಿರುಗಿಸ್ತಾ ಕೂರ್ಬೇಕು, 10 ವಯಲ್ ಅಂದ್ರೆ ಎಷ್ಟೊತ್ತು ಯೋಚ್ನೆ ಮಾಡಿ, ಆಚೆ ಮನೆಯವ್ರು ಅಳ್ತಿರ್ತಾರೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸೂ ಸರ್ಕಾರಕ್ಕೆ ತಿಳಿಸ್ಬೇಕು ಅಂತಾಗಿದೆ, ರಿಸರ್ಚ್ ಮಾಡೋರಿಗೂ ಅದು ಸಹಾಯ ಆಗುತ್ತೆ. ಕಿಡ್ನಿ ಚೆಕಪ್ ಮಾತ್ರ ಬಿಡ್ಬೇಡಿ ತಮ್ಮಾ.

ಅಡಿಕೆ_ತೋಟ:
ನಮ್ ತೋಟದಲ್ಲಿರೋ ಮೂಗು ಮೇಲೆದ್ದ ಸಣ್ಣ ಗುಳಿಮಂಡಲಕ್ಕೂ ಇದೇ ಇಂಜೆಕ್ಷನ್ ಆಗುತ್ತಾ?

ಲ್ಯಾಬ್_ಕೋಟು:
ಇಲ್ಲ ಅಣ್ಣಾ. ಈಗಿನ ಔಷಧಿ ಮಾಡೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ಮಾತ್ರ. ಆದ್ರೂ ಕಚ್ಚಿದ್ರೆ ಆಸ್ಪತ್ರೆಗೇ ಹೋಗಿ, ಅದರಿಂದಲೂ ಕಿಡ್ನಿಗೆ ಏಟು ಬಿದ್ದಿರೋ ಕೇಸುಗಳಿವೆ.

ಹಾಸನದ_ಹುಡುಗ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಎಲ್ಲಾ ಓದಿ ಹೇಳ್ದೆ, ಆ ಗಾಜಿನ ಟ್ಯೂಬ್ ಅವ್ರೂ ನೋಡಿದ್ರಂತೆ. ಗುರುವಾರ ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನೈನ್ ಟೆಸ್ಟ್ ಇದೆ ಸಿಸ್ಟರ್, ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ.