ಅಪ್‌ಡೇಟ್: ಕಾಸರಗೋಡಿನ ಎಣ್ಮಕಜೆಯ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂತು

ಗುಡ್ಡದ ಬುಡದ ಮನೆ, ಮೊಬೈಲ್ ಸಿಗ್ನಲ್ ಇಲ್ಲ, ಕೆ-ಫೋನ್ (ಕೇರಳದ ಫೈಬರ್ ಇಂಟರ್ನೆಟ್) ಸಿಗಬಹುದಾ ಅಂತ ಕೇಳಿದ್ದೆ. ಸಿಕ್ಕಿತು!

ಇದು ಕೇರಳ ಸರ್ಕಾರದ್ದೇ ಜಾಲ, 2023ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು. ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಕೇಂದ್ರದ ಭಾರತ್‌ನೆಟ್ ಬೇರೆ. ಕೇಬಲ್ ಹೆಚ್ಚಾಗಿ ಕರೆಂಟ್ ಕಂಬಗಳ ಮೇಲೆಯೇ ಬರುತ್ತದೆ, ನೆಲ ಅಗೆಯುವ ರಗಳೆ ಕಡಿಮೆ. ಮನೆಗೆ ಎಳೆದು ಕೊಡುವುದು ಊರಿನ ಕೇಬಲ್ ಟಿವಿಯವರು. ಹಾಗಾಗಿ ಮೊದಲು ಅವರನ್ನೇ ಕೇಳಿ, ಸುಮ್ನೆ ಆಫೀಸು ಸುತ್ತಬೇಡಿ. ನಮ್ಮಲ್ಲಿ ತಡವಾದದ್ದು ಕೊನೆಯ ತುಂಡಿಗೆ: ರಸ್ತೆಯಿಂದ ಮನೆವರೆಗೆ ಬರೀ ಅಡಿಕೆ ತೋಟ, ಕಂಬವೇ ಇಲ್ಲ.

ಉದ್ಘಾಟನೆಯ ಹೊತ್ತಿಗೆ 20 ಎಂಬಿಪಿಎಸ್ ಪ್ಲಾನಿಗೆ ತಿಂಗಳಿಗೆ 299 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ದರ ವಿಚಾರಿಸಿಕೊಳ್ಳಿ. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಎಂಬುದು ಗುರಿ. ಮೊದಲ ಹಂತಕ್ಕೆ ಇಟ್ಟದ್ದು 14,000 ಕುಟುಂಬ ಮಾತ್ರ, ಕಡಿಮೆಯೇ ಅಲ್ವಾ?

ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರೂ ಹೋಗುತ್ತದೆ. ಸಣ್ಣ ಯುಪಿಎಸ್ ಒಂದು ತೆಗೆದಿಡಿ.