ಪಹಣಿ ಇನ್ನೂ ಅಪ್ಪನ ಹೆಸರಿನಲ್ಲಿದೆ: ಕಿಸಾನ್ ಸಮ್ಮಾನ್ ಮತ್ತು ಕೃಷಿ ಹೊಂಡಕ್ಕೆ ದಾರಿ ಯಾವುದು?

ಪ್ರಶ್ನೆ – ಕೆಂಪುಮಣ್ಣಿನ ಬೇಸಾಯಗಾರ

ನಮ್ಮದು ಹಿರಿಯೂರು ತಾಲ್ಲೂಕಿನಲ್ಲಿ 7 ಎಕರೆ 20 ಗುಂಟೆ ಮಳೆಯಾಶ್ರಿತ ಕೆಂಪು ಭೂಮಿ. ಶೇಂಗಾ, ತೊಗರಿ ಬಿಟ್ಟರೆ ಬೇರೆ ಬೆಳೆ ಇಲ್ಲ. ಪಹಣಿ ತಂದೆಯವರ ಹೆಸರಿನಲ್ಲಿದೆ. ಅವರು 2022ರಲ್ಲಿ ತೀರಿಕೊಂಡರು. ನಾವು ಮೂವರು ಅಣ್ಣತಮ್ಮಂದಿರು. ದೊಡ್ಡಣ್ಣ ಸರ್ಕಾರಿ ಶಾಲೆಯಲ್ಲಿ ಶಿಕ್ಷಕರು, ಇನ್ನೊಬ್ಬ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಬೇಸಾಯ ಮಾಡುತ್ತಿರುವವನು ನಾನೊಬ್ಬನೇ.

ತಂದೆಯವರು ಇರುವಾಗ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಕೇಂದ್ರದಿಂದ ವರ್ಷಕ್ಕೆ 6,000 ರೂಪಾಯಿ, ಅದರ ಮೇಲೆ ರಾಜ್ಯದಿಂದ 4,000 ರೂಪಾಯಿ ಬರುತ್ತಿತ್ತು. ರಾಜ್ಯದ ಪಾಲು 2023ರಲ್ಲಿ ಎಲ್ಲರಿಗೂ ನಿಂತಿತು, ಕೇಂದ್ರದ ಪಾಲು ನಮ್ಮ ಮನೆಗೆ ಅದಕ್ಕಿಂತ ಮೊದಲೇ ನಿಂತಿತ್ತು. ಈಗ ಒಂದು ಕೃಷಿ ಹೊಂಡ ಮಾಡಿಸಬೇಕೆಂದು ಹೊರಟರೆ ಒಂದು ಕಚೇರಿಯಲ್ಲಿ ‘ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇಲ್ಲದೆ ಅರ್ಜಿಯೇ ತೆರೆಯುವುದಿಲ್ಲ’ ಎನ್ನುತ್ತಾರೆ, ಮತ್ತೊಂದರಲ್ಲಿ ‘ಉದ್ಯೋಗ ಖಾತರಿಯಲ್ಲಿ ಮಾಡಿಸಿಕೊಳ್ಳಿ, ಆದರೆ ಪಹಣಿ ನಿಮ್ಮ ಹೆಸರಿಗೆ ಬರಲಿ’ ಎನ್ನುತ್ತಾರೆ. ಸುಜಲಾ ಜಲಾನಯನ ಯೋಜನೆ ನಮ್ಮ ಜಿಲ್ಲೆಗೆ ಬಂದಾಗ ನಾನು ಹುಡುಗ. ಆಗ ನಮ್ಮ ಹೊಲಕ್ಕೆ ಬದು ಹಾಕುವ ಮೊದಲು ಊರಿನವರೆಲ್ಲ ಕೂತು ನೀರು ಎತ್ತಲಿಂದ ಎತ್ತ ಹರಿಯುತ್ತದೆ ಎಂದು ನೆಲದ ಮೇಲೆ ನಕ್ಷೆ ಬರೆದದ್ದು ನೆನಪಿದೆ, ಪಹಣಿಯ ಮಾತು ಬಂದದ್ದು ನೆನಪಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮೊದಲು ಯಾವ ಕೆಲಸ ಹಿಡಿಯಬೇಕು, ಮತ್ತು ಹೊಂಡಕ್ಕೆ ಯಾವ ಯೋಜನೆ ಸೂಕ್ತ?

ಉತ್ತರ 1 – ನಿವೃತ್ತ ಕೃಷಿ ಸಹಾಯಕ

ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದಾಗುವ ತನಕ ಉಳಿದ ಯಾವ ಕಚೇರಿಗೂ ಅಲೆಯಬೇಡಿ, ಚಪ್ಪಲಿ ಸವೆಯುವುದಷ್ಟೇ ಲಾಭ.

ನೀವು ಹೇಳಿದ ಸುಜಲಾ ಕಾಲಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ನಾನು ನೌಕರಿಯಲ್ಲಿದ್ದೇ ಕಂಡವನು. ಆಗ ಹಣ ಬರುತ್ತಿದ್ದುದು ಒಂದು ಹಳ್ಳದ ಸುತ್ತಲಿನ ಇಡೀ ಜಮೀನಿಗೆ. ಆದ್ದರಿಂದ ಖಾತೆದಾರ ಬದುಕಿದ್ದಾನೋ ಸತ್ತಿದ್ದಾನೋ ಎನ್ನುವುದು ಎರಡನೆಯ ಮಾತಾಗಿತ್ತು, ಏಕೆಂದರೆ ನಡುವಿನ ಒಂದು ಹೊಲ ಬಿಟ್ಟರೆ ಬದು ಕೂಡಿಕೊಳ್ಳುತ್ತಲೇ ಇರಲಿಲ್ಲ. ಈಗ ಹಣ ಬರುವುದು ವ್ಯಕ್ತಿಗೆ. ಆ ವ್ಯಕ್ತಿ ಯಾರೆಂದು ಹೇಳುವುದು ಭೂಮಿ ತಂತ್ರಾಂಶದಲ್ಲಿರುವ ಪಹಣಿ, ಅದಕ್ಕೆ ಜೋಡಿಸಿದ ಆಧಾರ್ ಮತ್ತು ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಸಿಗುವ ಎಫ್‌ಐಡಿ. ಸಹಾಯಧನ, ಬೆಂಬಲ ಬೆಲೆ ಖರೀದಿ, ಬೆಳೆ ಪರಿಹಾರ, ಬೆಳೆ ವಿಮೆ ಎಲ್ಲವೂ ಆ ಒಂದೇ ಸಂಖ್ಯೆಯ ಬಾಗಿಲಿನಿಂದ ಒಳಗೆ ಬರಬೇಕು. ಇದರಿಂದ ಖೋಟಾ ಫಲಾನುಭವಿಗಳು ಕಡಿಮೆಯಾದದ್ದು ನಿಜ, ನಿಮ್ಮಂಥವರು ಹೊರಗುಳಿದದ್ದೂ ನಿಜ.

ಪೌತಿಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು, ಅರ್ಜಿ ನಾಡಕಚೇರಿಯಲ್ಲಿ. ಇಲ್ಲಿ ಒಂದು ಎಚ್ಚರಿಕೆ: ನೀವು ‘ಮೂವರು ಅಣ್ಣತಮ್ಮಂದಿರು’ ಎಂದು ಬರೆದಿದ್ದೀರಿ, ಅಕ್ಕತಂಗಿಯರು ಇದ್ದಾರೆಯೇ ಎಂದು ಬರೆದಿಲ್ಲ. ಇದ್ದರೆ ಅವರ ಹೆಸರು ವಂಶವೃಕ್ಷದಲ್ಲಿ ಇರಲೇಬೇಕು. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕದ ತಿದ್ದುಪಡಿ 1994ರದು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಮರೆಮಾಚಿ ಮಾಡಿಸಿದ ಪೌತಿ ಹತ್ತು ವರ್ಷದ ನಂತರವೂ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ. ಎಲ್ಲರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿಸಿಕೊಳ್ಳುವುದು ಸುಲಭ. ವಿಭಾಗ ಮಾಡಿಕೊಂಡು ಬೇರೆ ಬೇರೆ ಖಾತೆ ಬೇಕೆಂದರೆ ಪ್ರತಿ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ, ನೋಂದಾಯಿತ ವಿಭಾಗ ಪತ್ರ ಎಲ್ಲ ಸೇರಿ ಕಾಲ ಹಿಡಿಯುತ್ತದೆ.

ಕಿಸಾನ್ ಸಮ್ಮಾನ್ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ. 2019ರ ಫೆಬ್ರವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಹಣ ಇಲ್ಲ ಎಂಬ ನಿಯಮ ಇರುವುದು ನಿಜ, ಆದರೆ ಅದು ಕೊಂಡವರಿಗೆ ಮತ್ತು ದಾನ ಪಡೆದವರಿಗೆ ಅನ್ವಯಿಸುತ್ತದೆ; ಖಾತೆದಾರರ ಮರಣದಿಂದ ವಾರಸುದಾರಿಕೆಯಲ್ಲಿ ಬಂದವರಿಗೆ ಅಡ್ಡಿ ಇಲ್ಲ. ಜಂಟಿ ಖಾತೆಯಾದರೂ ಪ್ರತಿ ಕುಟುಂಬವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ, ಮತ್ತು ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮಾತ್ರ. ನಿಮ್ಮ ಅಣ್ಣ ಸರ್ಕಾರಿ ನೌಕರರಾದ ಕಾರಣ ಅವರಿಗೆ ಬರುವುದಿಲ್ಲ, ಬೆಂಗಳೂರಿನ ಸಹೋದರ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅವರಿಗೂ ಇಲ್ಲ, ಆದರೆ ಅದರಿಂದ ನಿಮ್ಮ ಅರ್ಜಿ ಕೆಡುವುದಿಲ್ಲ. ತಂದೆಯವರ ಹೆಸರಿನ ಹಳೆಯ ನೋಂದಣಿಯನ್ನು ಮುಂದುವರಿಸಲು ಹೋಗದೆ ಹೊಸದಾಗಿ ನೋಂದಾಯಿಸಿ, ಇ-ಕೆವೈಸಿ ಮುಗಿಸಿ.

ಉತ್ತರ 2 – ವಾರದ ಒಕ್ಕಲು

ಪ್ರಶ್ನೆ ಕೇಳಿದವರಿಗೆ ಪೌತಿಯಾದರೂ ಇದೆ. ನಾನು ಹದಿನಾಲ್ಕು ವರ್ಷಗಳಿಂದ ಬೇರೆಯವರ 4 ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿನ ಲೆಕ್ಕದಲ್ಲಿ, ಮಾಡುತ್ತಿದ್ದೇನೆ. ಮಾಲೀಕರು ಊರಿನಲ್ಲಿಲ್ಲ. ಸಮ್ಮಾನದ ಹಣ ಅವರಿಗೆ, ಬೆಳೆ ಪರಿಹಾರ ಅವರ ಖಾತೆಗೆ. ಬೀಜ, ಗೊಬ್ಬರ, ಆಳಿನ ಖರ್ಚು ನನ್ನದು. ಒಳ್ಳೆಯ ಮನುಷ್ಯರಾದ್ದರಿಂದ ಪರಿಹಾರ ಬಂದಾಗ ಅರ್ಧ ಕೊಡುತ್ತಾರೆ. ಎಲ್ಲರೂ ಹಾಗಿರುವುದಿಲ್ಲ.

ಇದರ ಬೇರು ಹಳೆಯದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಭೂಮಿಯ ಒಡೆಯನನ್ನಾಗಿ ಮಾಡಿತು, ನಮ್ಮ ರಾಜ್ಯದ ಮಟ್ಟಿಗೆ ಅದು ದೊಡ್ಡ ಕೆಲಸವೇ. ಆದರೆ ಅದೇ ಕಾಯ್ದೆ ಸೈನಿಕರು, ನಾವಿಕರ ಜಮೀನು ಬಿಟ್ಟು ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿದ್ದರಿಂದ, ಇಂದು ನಡೆಯುತ್ತಿರುವ ವಾರ, ಕೋರು, ಗುತ್ತಿಗೆ ಎಲ್ಲವೂ ಬಾಯಿಮಾತಿನ ವ್ಯವಹಾರವಾಗಿ ಉಳಿದಿವೆ, ಮಾಲೀಕರು ಒಂದು ಚೀಟಿ ಬರೆದುಕೊಡಲೂ ಹೆದರುತ್ತಾರೆ. ಒಡಿಶಾದ ಕಾಲಿಯಾ ಯೋಜನೆಯಲ್ಲಿ ಭೂರಹಿತರಿಗೂ ಪಾಲು ಇಟ್ಟಿದ್ದರು, ಆಂಧ್ರದ ರೈತು ಭರೋಸಾದಲ್ಲಿ ಪರಿಶಿಷ್ಟ ಮತ್ತು ಹಿಂದುಳಿದ ಸಮುದಾಯಗಳ ಗೇಣಿದಾರರನ್ನು ಸೇರಿಸಿಕೊಂಡಿದ್ದರು. ತೆಲಂಗಾಣದ ರೈತು ಬಂಧು ಮಾತ್ರ ನಮ್ಮ ಹಾಗೆಯೇ ಪಟ್ಟಾದಾರನನ್ನು ನೋಡಿತು. ಬದು, ಹೊಂಡದ ಕಾಲದಲ್ಲಿ ನನಗೂ ಏನಾದರೂ ಸಿಗುತ್ತಿತ್ತು: ಮಣ್ಣು ಕೊಚ್ಚಿಹೋಗದೆ ನಿಂತರೆ ಅದರ ಫಲ ಉತ್ತವನಿಗೆ ತಾನೆ? ಖಾತೆಗೆ ಹಾಕುವ ಹಣ ಹೊಲಕ್ಕೆ ಇಳಿಯುವುದಿಲ್ಲ.

ಉತ್ತರ 3 – ಮಣ್ಣು ನೀರು

ಹಿಂದಿನವರ ನೋವು ಅರ್ಥವಾಗುತ್ತದೆ, ಆದರೆ ಹಳೆಯ ಕಾಲವನ್ನು ಅಷ್ಟು ಹೊಗಳಲು ನಾನು ಸಿದ್ಧನಿಲ್ಲ. ಬಿಲ್ಲಿನಲ್ಲಿ ಇದ್ದು ಹೊಲದಲ್ಲಿ ಇಲ್ಲದ ಬದುಗಳನ್ನು ಅಳೆಯಲು ಹೋದವನು ನಾನು. ಸಮ್ಮಾನದ ಒಂದು ಕಂತು 2,000 ರೂಪಾಯಿ ನೇರ ಖಾತೆಗೆ ಬಂದರೆ ಕನಿಷ್ಠ 2,000 ರೂಪಾಯಿಯಾದರೂ ಬಂದಿರುತ್ತದೆ. ನೆಲದ ಕೆಲಸಕ್ಕೆ ಹಣವೇ ನಿಂತಿತು ಎನ್ನುವುದೂ ಸರಿಯಲ್ಲ: ಕೇಂದ್ರದ ಜಲಾನಯನ ಯೋಜನೆಯಲ್ಲಿ ಬಯಲು ಪ್ರದೇಶದ ಹೆಕ್ಟೇರಿಗೆ 12,000 ರೂಪಾಯಿ ಇದ್ದ ದರವನ್ನು 2021ರಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ 22,000 ರೂಪಾಯಿಗೆ ಏರಿಸಿದ್ದಾರೆ. ಆಯ್ಕೆಯಾದ ಹಳ್ಳದ ಮಗ್ಗುಲಲ್ಲಿ ನಿಮ್ಮ ಹೊಲ ಇರಬೇಕು ಅಷ್ಟೆ, ಅದು ಅದೃಷ್ಟದ ಮಾತು.

ಹೊಂಡದ ಲೆಕ್ಕಕ್ಕೆ ಬರೋಣ. 12×12×3 ಮೀಟರ್ ಹೊಂಡವನ್ನು ಒಂದಕ್ಕೆ ಒಂದರ ಇಳಿಜಾರಿನಲ್ಲಿ ತೋಡಿದರೆ ಹಿಡಿಯುವುದು ಸುಮಾರು 2.5 ಲಕ್ಷ ಲೀಟರ್. 21×21×3 ಮೀಟರ್ ಹೊಂಡವಾದರೆ ಸುಮಾರು 9.8 ಲಕ್ಷ ಲೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು 1 ಲಕ್ಷ ಲೀಟರ್ ಬೇಕು. ಕಾಯಿ ಕಟ್ಟಲು ಶೇಂಗಾ ಹೂಡು ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟಾಗ ನಿಮ್ಮ ಏಳೂವರೆ ಎಕರೆಗೂ ಒಂದು ಸಲ ಒಂದು ಇಂಚು ಕೊಡಬೇಕೆಂದರೆ ಚಿಕ್ಕ ಹೊಂಡದಿಂದ ಸಾಧ್ಯವೇ ಇಲ್ಲ. ದೊಡ್ಡದರಲ್ಲಿಯೂ ಆವಿಯಾಗಿ ಹೋದದ್ದನ್ನು ಕಳೆದರೆ ಅಷ್ಟಕ್ಕಷ್ಟೆ. ದೊಡ್ಡ ಹೊಂಡಕ್ಕೆ ಏರಿ, ಬೇಲಿ ಸೇರಿ ಐದಾರು ಗುಂಟೆ ಹೋಗುತ್ತದೆ. ಕೆಂಪು ಮಣ್ಣಾದ್ದರಿಂದ ಪಾಲಿಥೀನ್ ಹೊದಿಕೆ ಇಲ್ಲದೆ ನೀರು ನಿಲ್ಲುವುದಿಲ್ಲ, ಇದರಲ್ಲಿ ರಾಜಿ ಬೇಡ.

ಆದ್ದರಿಂದ ನಿಮಗೆ ಕೃಷಿ ಭಾಗ್ಯವೇ ಸರಿ. 2014ರಲ್ಲಿ ಆರಂಭವಾಗಿ ನಡುವೆ ನಿಂತು ಮತ್ತೆ ಶುರುವಾದ ಈ ಯೋಜನೆಯಲ್ಲಿ ಹೊಂಡದ ಜೊತೆಗೆ ಬದು, ಹೊದಿಕೆ, ಪಂಪು, ತುಂತುರು ನೀರಾವರಿ ಒಂದೇ ಕಟ್ಟಿನಲ್ಲಿ ಬರುತ್ತವೆ, ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90. ನಿಮ್ಮ ಹೋಬಳಿಗೆ ಈ ವರ್ಷ ಗುರಿ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿ. ಉದ್ಯೋಗ ಖಾತರಿಯಲ್ಲಿ ಕೈಯಿಂದಲೇ ಅಗೆಯಬೇಕಿತ್ತು, ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿ, ವೆಚ್ಚದಲ್ಲಿ ಶೇ. 40ನ್ನು ರಾಜ್ಯದ ಮೇಲೆ ಹಾಕಿದೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಅದರಲ್ಲಿದೆ. ರಾಜ್ಯದ ಬೊಕ್ಕಸ ನೋಡಿ ಕೆಲಸ ಹಂಚುವ ದಿನ ಬಂದರೆ ಒಬ್ಬೊಬ್ಬರ ಹೊಲದ ಹೊಂಡಕ್ಕೆ ಸರದಿ ಕೊನೆಗೇ ಬರುತ್ತದೆ ಎಂಬುದು ನನ್ನ ಅಂದಾಜು.

ಪ್ರಶ್ನೆ ಕೇಳಿದವರ ಮರು ಉತ್ತರ – ಕೆಂಪುಮಣ್ಣಿನ ಬೇಸಾಯಗಾರ

ಎಲ್ಲರಿಗೂ ವಂದನೆಗಳು. ನಿವೃತ್ತ ಸಹಾಯಕರು ಸರಿಯಾಗಿಯೇ ಹಿಡಿದರು: ನಮಗೆ ಒಬ್ಬ ಅಕ್ಕ, ಒಬ್ಬ ತಂಗಿ ಇದ್ದಾರೆ. ಊರಿನ ಒಬ್ಬ ಮಧ್ಯವರ್ತಿ ಅವರಿಬ್ಬರ ಹೆಸರು ಬಿಟ್ಟು ವಂಶವೃಕ್ಷ ತಯಾರಿಸಿ ಕೊಟ್ಟಿದ್ದರು, ಅದನ್ನು ನಾನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ಇಂದು ಹರಿದು ಹಾಕಿದೆ. ಅಕ್ಕನಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಪಾಲನ್ನಲ್ಲ, ಹೊಂಡ ಎಲ್ಲಿ ತೋಡುತ್ತೀಯ ಎಂದು. ಬಡಗಣ ಮೂಲೆ ಬೇಡ, ಅಲ್ಲಿ ಅಪ್ಪ ನೆಟ್ಟ ಹುಣಸೆ ಮರವಿದೆ ಎಂದಳು. ಆದರೆ ಹೊಲದ ಇಳುಕಲು ಇರುವುದೇ ಬಡಗಣಕ್ಕೆ. ಮರದಿಂದ ಎಷ್ಟು ದೂರ ಬಿಟ್ಟರೆ ಬೇರು ಹೊದಿಕೆಯನ್ನು ಸೀಳುವುದಿಲ್ಲ ಎನ್ನುವುದನ್ನು ‘ಮಣ್ಣು ನೀರು’ ಅವರು ತಿಳಿಸಿದರೆ ಉಪಕಾರವಾಗುತ್ತದೆ.